ಅಳತೆ ಟೇಪಿಗೆ ಗೊತ್ತಿಲ್ಲದ್ದು

ಮನಾಮದ ಸೂಕಿನ ಹಿಂದಿನ ಗಲ್ಲಿ,
ಅಲ್ಲಿ ಬಾಪನ ಟೈಲರ್ ಅಂಗಡಿ.
ಎರಡು ಮಿಷನು, ಒಂದು ಕನ್ನಡಿ,
ಕೆಮ್ಮುವ ಮುದಿ ಏಸಿ,
ಬಾಪನ ಕೊರಳಲ್ಲಿ ಹಳದಿ ಹಾವಿನ ಹಾಗೆ
ಅಳತೆ ಟೇಪು.
"ಮನುಷ್ಯ ಸುಳ್ಳು ಹೇಳಿಯಾನು, ಟೇಪು ಹೇಳದು"
ಎನ್ನುವುದು ಬಾಪನ ಖಾಯಂ ಮಾತು.

ಈದಿಗೆ ಮೂರೇ ದಿನ. ಜಾಸಿಮ್ ಬಂದ,
ರಾತ್ರಿ, ಕಾಲಲ್ಲಿ ಫುಟ್‌ಬಾಲು.
ಅಳತೆ ಕೊಟ್ಟದ್ದು ಹೋದ ವಾರ ಬೆಳಿಗ್ಗೆ,
ಹಾಸಿಗೆಯಿಂದ ಎದ್ದವನೇ ಬಂದು.
"ಥೋಬು ನೆಲಕ್ಕೆ ತಾಗಬಾರದು,
ತಾಗಿದ ಹಾಗೆ ಕಾಣಬೇಕು" ಎಂದಿದ್ದ, ಮಹಾ ಜಂಬಗಾರ.

ತೊಟ್ಟು ನಿಂತ.
ತಾಗಿತು!
ಬಾಪ ಟೇಪು ಹಿಡಿದರು. ಕನ್ನಡಕ ಒರೆಸಿ ಮತ್ತೆ ಹಿಡಿದರು.
ಹುಡುಗ ಒಂದು ಸೆಂಟಿಮೀಟರ್ ಕಮ್ಮಿ!
"ಉಪವಾಸ ಹಿಡಿದು ಗಿಡ್ಡ ಆದೆಯಾ ಮಾರಾಯ?"
ಜಾಸಿಮ್‌ನ ಮುಖ ನಿಂಬೆಹುಳಿ.

ಮೂಲೆಯ ಸ್ಟೂಲಿನಿಂದ ನಗು ಕೇಳಿತು.
ಯೂನಿಫಾರ್ಮಿನ ಸೊಂಟ ಬಿಗಿ ಮಾಡಿಸಲು ಬಂದ
ಸೆವ್ರಿನ್ ಸಿಸ್ಟರ್, ಆಸ್ಪತ್ರೆಯ ನರ್ಸು.
"ಕತ್ತರಿ ಕೆಳಗಿಡಿ ಮೋನಬ್ಬಾಕ,
ನಿಮ್ಮ ತಪ್ಪಲ್ಲ, ಹುಡುಗನದ್ದೂ ಅಲ್ಲ.
ಬೆನ್ನೆಲುಬಿನ ಮಣಿ ಮಣಿ ನಡುವೆ ಪುಟ್ಟ ಮೆತ್ತೆಗಳುಂಟು.
ಹಗಲಿಡೀ ತಲೆ ಹೊತ್ತು ಹೊತ್ತು
ಅವು ಚಪ್ಪಟೆ.
ರಾತ್ರಿ ಮಲಗಿದರೆ, ನೆನೆಹಾಕಿದ ಕಡಲೆ ಹಾಗೆ
ಮತ್ತೆ ಉಬ್ಬುತ್ತವೆ.
ಬೆಳಿಗ್ಗೆ ಎಲ್ಲರೂ ಉದ್ದ,
ಸಂಜೆಗೆ ಎಲ್ಲರೂ ಗಿಡ್ಡ!"

ಬಾಪ ಟೇಪನ್ನೇ ನೋಡಿದರು,
ಇಪ್ಪತ್ತು ವರ್ಷದ ಗೆಳೆಯ ಏನೋ ಮುಚ್ಚಿಟ್ಟ ಹಾಗೆ.

ಸಿಸ್ಟರಿಗೆ ಈಗ ಹುರುಪು.
ಟೇಪು ಕಿತ್ತುಕೊಂಡು ನನ್ನನ್ನು ಗೋಡೆಗೆ ನಿಲ್ಲಿಸಿ
"ಕೈ ಅಗಲಿಸು, ರೆಕ್ಕೆ ಹಾಗೆ" ಎಂದರು.
ಬೆರಳ ತುದಿಯಿಂದ ಬೆರಳ ತುದಿಗೆ
ಹೆಚ್ಚುಕಮ್ಮಿ ನನ್ನದೇ ಎತ್ತರ!
ಮುಷ್ಟಿಯ ಸುತ್ತ ಕಾಲುಚೀಲದ ಪಾದ ಸುತ್ತಿದರು,
ಹಿಮ್ಮಡಿ ತುದಿಗೆ ಹೆಬ್ಬೆರಳ ತುದಿ ಮುಟ್ಟಿತು.
ಚಪ್ಪಲಿ ಬಿಚ್ಚದೇ ಸೈಜು ಸಿಕ್ಕಿತು!

"ದೊಡ್ಡವರ ಚರ್ಮ ಬಿಡಿಸಿ ಹಾಸಿದರೆ
ಒಂದು ಬಾಗಿಲಿನಷ್ಟು.
ಅದರ ಮೇಲ್ಪದರ ತಿಂಗಳಿಗೊಮ್ಮೆ ಹೊಸತು,
ಹಳೆಯದು ಪುಡಿ ಪುಡಿಯಾಗಿ ಉದುರಿ
ನಿಮ್ಮ ಮಿಷನಿನ ಮೇಲಿನ ಧೂಳಲ್ಲಿ ಸೇರಿದೆ."
"ಛೀ!" ಎಂದೆ ನಾನು.
ಬಾಪ ಮೆಲ್ಲಗೆ ಮಿಷನು ಒರೆಸಿದರು.

"ಹೊಲಿಗೆ ಉಂಟಾ ನಮ್ಮ ಮೈಯಲ್ಲಿ?" ಬಾಪ ಕೇಳಿದರು.
ಕೇಳಬೇಕಾದ್ದೇ, ಟೈಲರ್ ಅಲ್ಲವೇ.
"ತಲೆಬುರುಡೆ ತುಂಬ ಅಂಕುಡೊಂಕು ಹೊಲಿಗೆ!
ಪಾಪುವಿಗೆ ಅದಿನ್ನೂ ಬಿಗಿದಿಲ್ಲ,
ಮಿದುಳು ಬೆಳೆಯಬೇಕಲ್ಲ.
ಎಲುಬು ಎಣಿಸಿದರೆ ಪಾಪುವೇ ಗೆದ್ದ,
ಸುಮಾರು ಮುನ್ನೂರು. ನಿಮಗೆ ಬರೇ ಇನ್ನೂರಾರು.
ಬೆಳೆಯುತ್ತಾ ಒಂದಕ್ಕೊಂದು ಕೂಡಿಕೊಳ್ಳುತ್ತವೆ."

ಬಾಪ ಸುಮ್ಮನಾದರು.
ಉಮ್ಮನ ಮಡಿಲಲ್ಲಿ ನಾಲ್ಕು ತಿಂಗಳ ಮುನೀಬ್,
ಅವನ ನೆತ್ತಿಯ ಮೆತ್ತಗಿನ ಜಾಗ
ಉಸಿರಾಡುವ ಹಾಗೆ ಮಿಡಿಯುತ್ತಿತ್ತು.
"ಮಕ್ಕಳ ಅಂಗಿಗೆ ಒಳಗಿಂದ ನಾನೂ
ಎರಡಿಂಚು ಬಟ್ಟೆ ಮಡಚಿ ಬಿಡುತ್ತೇನೆ" ಎಂದರು,
ಯಾರಿಗೋ ಹೇಳಿದ ಹಾಗೆ.

ಜಾಸಿಮ್‌ನ ಥೋಬಿನ ಅಂಚು ಬಾಪ ಒಂದೇ ಒಂದು
ಸೆಂಟಿಮೀಟರ್ ಮಡಚಿದರು.
"ಈದಿನ ಬೆಳಿಗ್ಗೆ ಗಿಡ್ಡ ಕಂಡರೆ ನನ್ನನ್ನು ಬೈಯಬೇಡ,
ಸಂಜೆವರೆಗೆ ಕಾಯಿ."

ಮತ್ತೆ ನಾನು?
ನನ್ನ ಅವಳಿ ರಾಝಿಕ್ ನನಗಿಂತ
ಅರ್ಧ ಸೆಂಟಿಮೀಟರ್ ಉದ್ದ ಎಂದು
ಬಾಗಿಲ ಚೌಕಟ್ಟಲ್ಲಿ ಗೆರೆ ಕೊರೆದು ಕುಣಿದವ.
ಶುಕ್ರವಾರ ಮಧ್ಯಾಹ್ನ ಅವನು
ಬಿಸಿಲಲ್ಲಿ ಫುಟ್‌ಬಾಲ್ ಆಡಿದ.
ನಾನು ಏಸಿ ಕೆಳಗೆ ಎರಡು ಗಂಟೆ
ಬೇಕೆಂದೇ ಮಲಗಿದೆ, ಮರದ ಹಲಗೆ ಹಾಗೆ ನೆಟ್ಟಗೆ.
ಎದ್ದವಳೇ ಕೂಗಿದೆ,
"ರಾಝಿಕ್, ಬಾರೋ, ಅಳತೆ ನೋಡುವ!"